ಹೊಸ ಸರ್ವರ್‌ಗೆ ಸಾಗಿಸಿದ ಸೈಟ್ ಕೈಕೊಟ್ಟರೆ: ದೋಷ ಹುಡುಕುವ ದಾರಿ

ಬಾಡಿಗೆ ಹೋಸ್ಟಿಂಗ್ ಬಿಟ್ಟು ಮನೆಯಲ್ಲೇ ಒಂದು ಮಿನಿ ಪಿಸಿ ಇಟ್ಟುಕೊಂಡು ಸೈಟ್ ನಡೆಸಬೇಕು ಅಂತ ಹೊರಟವರಿಗೆ ಈ ಕೈಪಿಡಿ. ಅದರಲ್ಲೂ ಸಾಗಿಸಿ ಮುಗಿಸಿದ್ದೀರಿ, ಆದರೆ ಏನೋ ಒಂದು ಸರಿಯಿಲ್ಲ ಅನ್ನುವ ಹಂತದಲ್ಲಿ ಇರುವವರಿಗೆ.

ನಾನು ಕಣ್ಣ ಮುಂದೆ ಇಟ್ಟುಕೊಂಡಿರುವುದು ತೀರಾ ಸಾಮಾನ್ಯವಾದ ಒಂದು ಸೆಟಪ್. ಡೆಬಿಯನ್ 12 (ಒಂದು ಲಿನಕ್ಸ್) ಹಾಕಿದ ಪುಟ್ಟ ಪಿಸಿ, ಪುಟ ಕಳಿಸುವ ಎಂಜಿನ್‌ಎಕ್ಸ್, ಕೋಡ್ ಓಡಿಸುವ ಪಿಎಚ್‌ಪಿ 8.2, ಬರಹ ಇಡುವ ಡೇಟಾಬೇಸ್ ಮರಿಯಾಡಿಬಿ 10.11. ಅದರ ಮೇಲೆ ಮೂರು ಸೈಟ್: ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಬರಹಗಳು, ಹಕ್ಕಿ ಫೋಟೊಗಳ ಒಂದು ಹಳೇ ಪಿಎಚ್‌ಪಿ ಗ್ಯಾಲರಿ, ಬರೀ ಎಚ್‌ಟಿಎಂಎಲ್ ಪುಟಗಳ ಊರಿನ ಸೈಟ್. ನಿಮ್ಮದು ಸ್ವಲ್ಪ ಬೇರೆ ಇರಬಹುದು. ಹುಡುಕುವ ಕ್ರಮ ಮಾತ್ರ ಅದೇ.

ಸಾಗಿಸುವಾಗಿನ ತೊಂದರೆಗಳು ವಿಚಿತ್ರ ಅನ್ನಿಸಲು ಒಂದು ಕಾರಣ ಇದೆ. ಆ ಕೆಲವು ದಿನ ನಿಮ್ಮ ಸೈಟ್ ಎರಡು ಕಡೆ ಜೀವಂತ ಇರುತ್ತದೆ. ಒಂದು ಹಳೆ ಹೋಸ್ಟಿಂಗ್‌ನಲ್ಲಿ, ಇನ್ನೊಂದು ಮನೆಯಲ್ಲಿ. ನೀವು ಹೊಸದರಲ್ಲಿ ತಿದ್ದುತ್ತೀರಿ, ಬ್ರೌಸರ್ ಹಳೆಯದನ್ನು ತೋರಿಸುತ್ತದೆ. ತಿದ್ದಿದ್ದು ಕೆಲಸ ಮಾಡಲಿಲ್ಲ ಅಂದುಕೊಂಡು ಇನ್ನೊಂದು ಕಡೆ ತಿದ್ದುತ್ತೀರಿ. ಸಂಜೆ ಹೊತ್ತಿಗೆ ಮೊದಲು ಸರಿ ಇದ್ದದ್ದೂ ಕೆಟ್ಟಿರುತ್ತದೆ. ಅದಕ್ಕೇ ಏನನ್ನೂ ಮುಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು.

ಈ ಪುಟ ಕಳಿಸಿದ್ದು ಯಾವ ಸರ್ವರ್?

ಊಹೆ ಬೇಡ, ಗುರುತು ಹಾಕಿ. ಹೊಸ ಸರ್ವರ್‌ನ ಎಂಜಿನ್‌ಎಕ್ಸ್ ಕಾನ್ಫಿಗ್‌ನಲ್ಲಿ ಆಡ್-ಹೆಡರ್ ಬಳಸಿ ನಿಮ್ಮದೇ ಒಂದು ಹೆಡರ್ (ಪುಟದ ಜೊತೆ ಕಣ್ಣಿಗೆ ಕಾಣದೆ ಹೋಗುವ ಮಾಹಿತಿಯ ಸಾಲು) ಸೇರಿಸಿ. ಹೆಸರು ಏನಾದರೂ ಇರಲಿ, ಅದರ ಮೌಲ್ಯ 'ಮನೆ' ಅಂತಿದ್ದರೂ ಸಾಕು, 'ಹೊಸದು' ಅಂತಿದ್ದರೂ ಸಾಕು. ಆ ಸಾಲಿನ ಕೊನೆಗೆ ಆಲ್ವೇಸ್ ಅನ್ನುವ ಪದ ಇರಲೇಬೇಕು. ಅದಿಲ್ಲದಿದ್ದರೆ 404, 502ರಂಥ ಎರರ್ ಪುಟಗಳಲ್ಲಿ ಹೆಡರ್ ಬರುವುದಿಲ್ಲ. ನಿಮಗೆ ಗುರುತು ಬೇಕಾಗಿರುವುದು ಆ ಪುಟಗಳಲ್ಲೇ ಅಲ್ವಾ? ಇನ್ನೊಂದು ಎಚ್ಚರ: ಒಳಗಿನ ಲೊಕೇಶನ್ ಬ್ಲಾಕ್‌ನಲ್ಲಿ ಬೇರೆ ಯಾವುದಾದರೂ ಆಡ್-ಹೆಡರ್ ಇದ್ದರೆ, ಹೊರಗಿನದು ಅಲ್ಲಿಗೆ ಇಳಿದು ಬರುವುದಿಲ್ಲ. ಅಲ್ಲಿಯೂ ಮತ್ತೆ ಬರೆಯಬೇಕು.

ಹಳೆ ಹೋಸ್ಟಿಂಗ್‌ನಲ್ಲಿ ಹೆಡರ್ ಹಾಕಲು ಆಗದಿದ್ದರೆ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಸಾಕು. ಎರಡೂ ಕಡೆ ಒಂದೇ ಹೆಸರು. ಒಂದರೊಳಗೆ 'ಹಳೆಯದು', ಇನ್ನೊಂದರೊಳಗೆ 'ಹೊಸದು'. ಯಾವ ಫೋನ್‌ನಿಂದ ಬೇಕಾದರೂ ಆ ಫೈಲ್ ತೆರೆದು ನೋಡಬಹುದು. ದೂರದ ಊರಿನಲ್ಲಿರುವ ಸ್ನೇಹಿತರಿಗೂ 'ಇದನ್ನೊಮ್ಮೆ ತೆರೆದು ಏನು ಕಾಣುತ್ತೆ ಹೇಳಿ' ಅಂತ ಕಳಿಸಬಹುದು.

ಗುರುತಿನ ಜೊತೆಗೆ ಲಾಗ್ (ಸರ್ವರ್ ಬರೆದಿಡುವ ದಾಖಲೆ) ತೆರೆದಿಟ್ಟುಕೊಳ್ಳಿ. ಒಂದು ಟರ್ಮಿನಲ್‌ನಲ್ಲಿ ಆಕ್ಸೆಸ್ ಲಾಗ್, ಇನ್ನೊಂದರಲ್ಲಿ ಎರರ್ ಲಾಗ್, ಎರಡನ್ನೂ ಟೇಲ್ ಕಮಾಂಡ್‌ನಲ್ಲಿ ಓಡುವ ಹಾಗೆ ಬಿಡಿ. ಈಗ ಪುಟ ತೆರೆಯಿರಿ. ಲಾಗ್‌ನಲ್ಲಿ ಒಂದು ಸಾಲೂ ಬರಲಿಲ್ಲವೇ? ಹಾಗಾದರೆ ವಿನಂತಿ ನಿಮ್ಮ ಸರ್ವರ್‌ಗೆ ತಲುಪಿಯೇ ಇಲ್ಲ. ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆ), ರೂಟರ್, ಇಂಟರ್‌ನೆಟ್ ಕಂಪನಿ, ಈ ಮೂರರಲ್ಲಿ ಹುಡುಕಬೇಕು. ಪಿಎಚ್‌ಪಿ ಸೆಟ್ಟಿಂಗ್ ಮುಟ್ಟುವ ಅಗತ್ಯವೇ ಇಲ್ಲ. ಸಾಲು ಬಂತೇ? ಹಾಗಾದರೆ ದಾರಿ ಸರಿಯಾಗಿದೆ, ತೊಂದರೆ ಪೆಟ್ಟಿಗೆಯ ಒಳಗಿದೆ. ಈ ಒಂದು ಪರೀಕ್ಷೆಗೆ ಅರ್ಧ ನಿಮಿಷ ಬೇಕು. ಇಷ್ಟು ಮಾಡಿದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ವೈಫೈನಲ್ಲಿ ಹೊಸದು, ಮೊಬೈಲ್ ಡೇಟಾದಲ್ಲಿ ಹಳೆಯದು

ಡಿಎನ್‌ಎಸ್ ಇನ್ನೂ ಹರಡಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಒಂದು ದಿನ ಕಾಯುವುದು ಸರಿ. ಮೂರನೇ ದಿನವೂ ಹೀಗೇ ಇದ್ದರೆ ಅದು ಹರಡುವ ತೊಂದರೆ ಅಲ್ಲ, ಕ್ವಾಡ್ ಎ ರೆಕಾರ್ಡ್‌ನ ತೊಂದರೆ.

ಒಂದು ಡೊಮೇನ್‌ಗೆ ಎರಡು ಥರದ ವಿಳಾಸ ಇರಬಹುದು. ಎ ರೆಕಾರ್ಡ್‌ನಲ್ಲಿ ಐಪಿವಿ4 ವಿಳಾಸ, ಕ್ವಾಡ್ ಎ ರೆಕಾರ್ಡ್‌ನಲ್ಲಿ ಐಪಿವಿ6 ವಿಳಾಸ. ಸಾಗಿಸುವಾಗ ಎ ರೆಕಾರ್ಡ್ ಬದಲಾಯಿಸುತ್ತೀರಿ. ಹಳೆ ಹೋಸ್ಟಿಂಗ್‌ನವರು ತಾವಾಗಿಯೇ ಸೇರಿಸಿಟ್ಟಿದ್ದ ಕ್ವಾಡ್ ಎ ಹಾಗೇ ಉಳಿದುಬಿಡುತ್ತದೆ. ನಮ್ಮ ದೇಶದ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಐಪಿವಿ6 ಬಳಕೆ ತುಂಬಾ ಜಾಸ್ತಿ, ಹಾಗಾಗಿ ಫೋನ್ ಆ ಹಳೆ ವಿಳಾಸವನ್ನೇ ಹಿಡಿಯುತ್ತದೆ. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿವಿ6 ಇಲ್ಲದಿದ್ದರೆ ಅಲ್ಲಿ ಹೊಸದು ಕಾಣುತ್ತದೆ. ಎಷ್ಟು ದಿನ ಕಾದರೂ ಇದು ತಾನಾಗಿ ಸರಿಹೋಗುವುದಿಲ್ಲ.

ಡಿಗ್ ಕಮಾಂಡ್‌ನಲ್ಲಿ ಎ ಮತ್ತು ಕ್ವಾಡ್ ಎ ಎರಡನ್ನೂ ಬೇರೆ ಬೇರೆಯಾಗಿ ಕೇಳಿ ನೋಡಿ. ಕರ್ಲ್ ಇದ್ದರೆ ಇನ್ನೂ ಸುಲಭ. ಮೈನಸ್ 4 ಕೊಟ್ಟು ಒಮ್ಮೆ, ಮೈನಸ್ 6 ಕೊಟ್ಟು ಒಮ್ಮೆ ಹೆಡರ್ ತರಿಸಿ. ಒಂದರಲ್ಲಿ ನಿಮ್ಮ ಗುರುತಿನ ಹೆಡರ್ ಬಂದು ಇನ್ನೊಂದರಲ್ಲಿ ಬರದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಮನೆಯಲ್ಲಿ ಸರಿಯಾದ ಐಪಿವಿ6 ಇಲ್ಲದಿದ್ದರೆ ಆ ರೆಕಾರ್ಡ್ ಅಳಿಸಿಬಿಡಿ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಹೆಸರಿಗೂ ಇಲ್ಲದ ಹೆಸರಿಗೂ ಎರಡಕ್ಕೂ ನೋಡಿ, ಒಂದನ್ನು ಅಳಿಸಿ ಇನ್ನೊಂದು ಬಿಟ್ಟುಹೋಗುವುದು ಮಾಮೂಲು.

ನಿಜವಾಗಿಯೂ ಕಾಯಬೇಕಾದ ಸಂದರ್ಭಗಳೂ ಇವೆ. ಹಳೆ ರೆಕಾರ್ಡ್‌ನ ಟಿಟಿಎಲ್ (ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ) 14400 ಸೆಕೆಂಡ್ ಇದ್ದರೆ 4 ಗಂಟೆ ಹಳೆ ಉತ್ತರ ಉಳಿಯುತ್ತದೆ. ನೇಮ್‌ಸರ್ವರ್‌ಗಳನ್ನೇ (ರೆಕಾರ್ಡ್‌ಗಳನ್ನು ಇಟ್ಟುಕೊಂಡಿರುವ ಸರ್ವರ್‌ಗಳು) ಬದಲಾಯಿಸಿದ್ದರೆ, ಡಾಟ್ ಕಾಮ್ ಹೆಸರುಗಳಿಗೆ ಮೇಲಿನ ಹಂತದ ಟಿಟಿಎಲ್ 172800 ಸೆಕೆಂಡ್, ಅಂದರೆ ಪೂರ್ತಿ 2 ದಿನ. ಇನ್ನೂ ಸಾಗಿಸಿಲ್ಲ ಅಂದರೆ ಹಿಂದಿನ ದಿನವೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿಡಿ, ಮಾರನೇ ದಿನ ಬದಲಾಯಿಸಿ.

ಇದರ ಉಲ್ಟಾ ತೊಂದರೆಯೂ ಉಂಟು: ನಿಮಗೆ ಮಾತ್ರ ಎಲ್ಲ ಸರಿ, ಉಳಿದವರಿಗೆಲ್ಲ ಹಳೆಯದು. ಹಾಗಾದರೆ ನಿಮ್ಮ ಲ್ಯಾಪ್‌ಟಾಪ್‌ನ ಹೋಸ್ಟ್ಸ್ ಫೈಲ್ ನೋಡಿ. ಮೊದಲೇ ಪರೀಕ್ಷೆ ಮಾಡಲು ಅಲ್ಲಿ ಹೊಸ ಐಪಿ ಬರೆದಿಟ್ಟ ಸಾಲು ಇನ್ನೂ ಇರುತ್ತದೆ.

ಒಳಗಿನಿಂದ ತೆರೆಯುತ್ತದೆ, ಹೊರಗಿನಿಂದ ಇಲ್ಲ

ರೂಟರ್‌ನಲ್ಲಿ 80 (ಎಚ್‌ಟಿಟಿಪಿ) ಮತ್ತು 443 (ಎಚ್‌ಟಿಟಿಪಿಎಸ್) ಪೋರ್ಟ್‌ಗಳನ್ನು ಸರ್ವರ್‌ಗೆ ಫಾರ್ವರ್ಡ್ ಮಾಡಿದ್ದೀರಿ, ಆದರೂ ಹೊರಗಿನವರಿಗೆ ಸೈಟ್ ತೆರೆಯುವುದಿಲ್ಲ. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಆಗ ರೂಟರ್‌ನ ಸ್ಟೇಟಸ್ ಪುಟಕ್ಕೆ ಹೋಗಿ ವ್ಯಾನ್ ಐಪಿ (ರೂಟರ್‌ನ ಹೊರಬದಿಯ ವಿಳಾಸ) ಏನಿದೆ ನೋಡಿ. ಆಮೇಲೆ 'ನನ್ನ ಐಪಿ ಏನು' ಅಂತ ತೋರಿಸುವ ಯಾವುದಾದರೂ ಸೈಟ್‌ನಲ್ಲಿ ನೋಡಿ. ಎರಡೂ ಒಂದೇ ಆಗಿರಬೇಕು.

ವ್ಯಾನ್ ಐಪಿ 100.64ರಿಂದ 100.127ರವರೆಗಿನ ಯಾವುದಾದರೂ ಸಂಖ್ಯೆಯಿಂದ ಶುರುವಾಗಿದ್ದರೆ ನೀವು ಸಿಜಿನ್ಯಾಟ್‌ನ ಹಿಂದೆ ಇದ್ದೀರಿ. ಒಂದೇ ಸಾರ್ವಜನಿಕ ಐಪಿಯನ್ನು ಕಂಪನಿ ಹತ್ತಾರು ಮನೆಗಳಿಗೆ ಹಂಚಿರುತ್ತದೆ. ಆ ಸಂಖ್ಯೆಗಳನ್ನು 2012ರಲ್ಲಿ ಇದಕ್ಕೆಂದೇ ತೆಗೆದಿಡಲಾಗಿದೆ. ಕೆಲವು ಕಡೆ 10ರಿಂದ ಶುರುವಾಗುವ ಐಪಿಯನ್ನೂ ಕೊಡುತ್ತಾರೆ, ಅದರ ಅರ್ಥವೂ ಇದೇ. ಈ ಸ್ಥಿತಿಯಲ್ಲಿ ನಿಮ್ಮ ರೂಟರ್‌ನಲ್ಲಿ ಏನೇ ಮಾಡಿದರೂ ಪ್ರಯೋಜನವಿಲ್ಲ. ಹೊರಗಿನ ವಿನಂತಿ ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ.

ದಾರಿ ಮೂರು ಇವೆ. ಕಂಪನಿಯವರನ್ನು ಕೇಳಿ ಸ್ಟಾಟಿಕ್ (ಬದಲಾಗದ) ಐಪಿ ತೆಗೆದುಕೊಳ್ಳುವುದು ಒಂದು. ಇದಕ್ಕೆ ತಿಂಗಳಿಗೋ ವರ್ಷಕ್ಕೋ ಬೇರೆ ದುಡ್ಡು ಕೊಡಬೇಕಾಗುತ್ತದೆ. ಕ್ಲೌಡ್‌ಫ್ಲೇರ್ ಟನೆಲ್‌ನಂಥ ಸೇವೆ ಬಳಸುವುದು ಇನ್ನೊಂದು. ಇಲ್ಲಿ ನಿಮ್ಮ ಸರ್ವರ್ ತಾನೇ ಹೊರಗೆ ಹೋಗಿ ಸಂಪರ್ಕ ಇಟ್ಟುಕೊಳ್ಳುತ್ತದೆ, ಪೋರ್ಟ್ ತೆರೆಯುವ ಗೋಜಿಲ್ಲ. ಮೂರನೆಯದು ಒಂದು ಅಗ್ಗದ ವಿಪಿಎಸ್ (ಪುಟ್ಟ ಬಾಡಿಗೆ ಸರ್ವರ್) ತೆಗೆದುಕೊಂಡು ಅಲ್ಲಿಂದ ಮನೆಗೆ ವೈರ್‌ಗಾರ್ಡ್ ವಿಪಿಎನ್ ಹಾಕುವುದು. ಕೆಲಸ ಸ್ವಲ್ಪ ಜಾಸ್ತಿ, ಆದರೆ ಎಲ್ಲವೂ ನಿಮ್ಮ ಕೈಯಲ್ಲೇ ಇರುತ್ತದೆ. ಹವ್ಯಾಸಕ್ಕೆ ಸರ್ವರ್ ಇಡುವವರಿಗೆ ನಾನು ಹೇಳುವುದು ಈ ಮೂರನೆಯದನ್ನೇ. ಮುಂದೆ ಇಂಟರ್‌ನೆಟ್ ಕಂಪನಿ ಬದಲಾಯಿಸಿದರೂ, ಮನೆಯೇ ಬದಲಾಯಿಸಿದರೂ ಡಿಎನ್‌ಎಸ್ ಮುಟ್ಟಬೇಕಾಗಿಲ್ಲ.

ಎರಡೂ ಐಪಿ ಒಂದೇ ಇದ್ದು, ಆದರೂ ತೆರೆಯದಿದ್ದರೆ ಕಂಪನಿಯವರು 80ನೇ ಪೋರ್ಟ್ ಮುಚ್ಚಿರಬಹುದು. 443 ಮಾತ್ರ ತೆರೆದಿರುವ ಸಂಪರ್ಕಗಳೂ ಇವೆ. ಎರಡನ್ನೂ ಮೊಬೈಲ್ ಡೇಟಾದಿಂದ ಬೇರೆ ಬೇರೆಯಾಗಿ ಪರೀಕ್ಷಿಸಿ.

ಇನ್ನೊಂದು ಲಕ್ಷಣ: ಹೊರಗಿನವರಿಗೆ ಸೈಟ್ ಚೆನ್ನಾಗಿ ತೆರೆಯುತ್ತದೆ, ಮನೆಯ ವೈಫೈನಲ್ಲಿ ಅದೇ ಹೆಸರು ಹೊಡೆದರೆ ರೂಟರ್‌ನ ಲಾಗಿನ್ ಪುಟ ಬರುತ್ತದೆ, ಅಥವಾ ಸುಮ್ನೆ ಸುತ್ತುತ್ತಾ ಇರುತ್ತದೆ. ಸೈಟ್‌ಗೆ ಏನೂ ಆಗಿಲ್ಲ. ಒಳಗಿನಿಂದ ಹೊರಗಿನ ಐಪಿಗೆ ಹೋಗಿ ಮತ್ತೆ ಒಳಗೆ ಬರುವ ಹೇರ್‌ಪಿನ್ ನ್ಯಾಟ್ ಸೌಲಭ್ಯ ಆ ರೂಟರ್‌ನಲ್ಲಿ ಇಲ್ಲ, ಅಷ್ಟೇ. ಮನೆಯ ಡಿಎನ್‌ಎಸ್‌ನಲ್ಲಿ ಆ ಹೆಸರಿಗೆ ಸರ್ವರ್‌ನ ಒಳಗಿನ ಐಪಿಯನ್ನೇ ಕೊಟ್ಟರೆ ಮುಗಿಯಿತು.

ಸರ್ಟಿಫಿಕೇಟ್ ಸಿಗುತ್ತಿಲ್ಲ

ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ತೆಗೆಯುವಾಗ, ಅದನ್ನು ತರಿಸುವ ಸರ್ಟ್‌ಬಾಟ್ ಟೂಲ್ 404 ಅಂತ ಹೇಳಿದರೆ, ಮತ್ತೆ ಮತ್ತೆ ಅದೇ ಕಮಾಂಡ್ ಒತ್ತಬೇಡಿ. ಒಂದು ಹೆಸರಿಗೆ ಗಂಟೆಗೆ 5 ಸಲ ಸೋತರೆ ಆ ಖಾತೆಗೆ ತಡೆ ಬೀಳುತ್ತದೆ. ಡ್ರೈ-ರನ್ ಆಯ್ಕೆ ಕೊಟ್ಟರೆ ಪರೀಕ್ಷೆಯ ಸರ್ವರ್ ಜೊತೆ ಮಾತಾಡುತ್ತದೆ. ಅಲ್ಲಿ ಗೆದ್ದ ಮೇಲೆ ನಿಜವಾದದ್ದು ತೆಗೆಯಿರಿ.

ಇಲ್ಲಿಯೂ ಕಾರಣ ಅದೇ ಹಳೆ ಕ್ವಾಡ್ ಎ ಆಗಿರುವ ಸಾಧ್ಯತೆ ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಐಪಿವಿ6 ವಿಳಾಸ ಇದ್ದರೆ ಮೊದಲು ಅಲ್ಲಿಗೇ ಹೋಗುತ್ತದೆ. ಆ ವಿಳಾಸಕ್ಕೆ ಸಂಪರ್ಕವೇ ಸಿಗದಿದ್ದರೆ ಐಪಿವಿ4ಗೆ ಬರುತ್ತದೆ. ಆದರೆ ಅಲ್ಲಿ ಹಳೆ ಸರ್ವರ್ ಕೂತು 404 ಅಂತ ಉತ್ತರ ಕೊಟ್ಟರೆ, ಅದನ್ನೇ ಕೊನೆಯ ಮಾತು ಅಂತ ತೆಗೆದುಕೊಳ್ಳುತ್ತದೆ. ನಿಮ್ಮ ಲಾಗ್‌ನಲ್ಲಿ ಒಂದು ಸಾಲೂ ಇರುವುದಿಲ್ಲ. ಈಗ ಗೊತ್ತಾಯಿತಲ್ಲ, ಲಾಗ್ ತೆರೆದಿಡಿ ಅಂತ ಯಾಕೆ ಹೇಳಿದೆ ಅಂತ.

ಡೊಮೇನ್ ನಿಮ್ಮದೇ ಅಂತ ಅವರು ಮಾಡುವ ಎಚ್‌ಟಿಟಿಪಿ ಪರೀಕ್ಷೆ ಶುರುವಾಗುವುದು 80ನೇ ಪೋರ್ಟ್‌ನಲ್ಲೇ. ಅದು ಮುಚ್ಚಿದ್ದರೆ ಡಿಎನ್‌ಎಸ್ ಪರೀಕ್ಷೆಯ ದಾರಿ ಹಿಡಿಯಿರಿ. ಸಿಎಎ ರೆಕಾರ್ಡ್ (ಸರ್ಟಿಫಿಕೇಟ್ ಯಾರು ಕೊಡಬಹುದು ಅಂತ ಹೇಳುವ ಡಿಎನ್‌ಎಸ್ ರೆಕಾರ್ಡ್) ಇದ್ದರೆ ಅದರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ಗೆ ಅನುಮತಿ ಇದೆಯಾ ನೋಡಿ. ಸರ್ಟಿಫಿಕೇಟ್ ಸಿಕ್ಕ ಮೇಲೆ ನವೀಕರಣ ತಾನಾಗಿ ನಡೆಯುತ್ತದೆಯೇ ಅಂತಲೂ ಆಗಲೇ ಖಚಿತ ಮಾಡಿಕೊಳ್ಳಿ. ಅವಧಿ 90 ದಿನ. ಮುಗಿಯುತ್ತಿದೆ ಅಂತ ಎಚ್ಚರಿಸುವ ಮೇಲ್‌ಗಳನ್ನು ಅವರು 2025ರ ಜೂನ್‌ನಲ್ಲಿ ನಿಲ್ಲಿಸಿದ್ದಾರೆ.

ಒಂದು ಸೈಟ್ ತೆರೆದರೆ ಇನ್ನೊಂದು ಬರುತ್ತಿದೆ

ಒಂದೇ ಯಂತ್ರದಲ್ಲಿ ಮೂರು ಸೈಟ್ ಇಟ್ಟಾಗ ಬರುವ ತೊಂದರೆ. ಕೇಳಿದ ಹೆಸರು ಯಾವ ಸರ್ವರ್-ನೇಮ್‌ಗೂ ಹೊಂದದಿದ್ದರೆ ಎಂಜಿನ್‌ಎಕ್ಸ್ ಆ ಪೋರ್ಟ್‌ನ ಮೊದಲ ಬ್ಲಾಕ್ ಅನ್ನು ಕೊಟ್ಟುಬಿಡುತ್ತದೆ. ಹೆಸರಿನಲ್ಲಿ ತಪ್ಪಿರಬಹುದು, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಸೇರಿಸದೆ ಇರಬಹುದು. ಕಣ್ಣಿಗೆ ಸುಲಭವಾಗಿ ಬೀಳದ ಕಾರಣ ಒಂದಿದೆ. ಐಪಿವಿ6ಗೆ ಬೇರೆಯದೇ ಲಿಸನ್ ಸಾಲು ಬೇಕು. ಹಕ್ಕಿ ಗ್ಯಾಲರಿಗೆ ಆ ಸಾಲು ಬರೆದು, ಕನ್ನಡ ಬರಹಗಳ ಸೈಟ್‌ಗೆ ಬರೆಯದಿದ್ದರೆ, ಐಪಿವಿ6ನಲ್ಲಿ ಬಂದವರಿಗೆ ಬರಹದ ಬದಲು ಹಕ್ಕಿ ಕಾಣುತ್ತದೆ, ಜೊತೆಗೆ ಸರ್ಟಿಫಿಕೇಟ್ ತಪ್ಪು ಅನ್ನುವ ಎಚ್ಚರಿಕೆಯೂ ಬರುತ್ತದೆ.

403, 404, 502

ಇವು ಸುಲಭದವು. ಎರರ್ ಲಾಗ್ ಓದಿದರೆ ಉತ್ತರ ಅಲ್ಲೇ ಇರುತ್ತದೆ.

403 ಬಂದು ಲಾಗ್‌ನಲ್ಲಿ ಅನುಮತಿ ಇಲ್ಲ ಅಂತಿದ್ದರೆ, ಫೈಲ್‌ನ ಅನುಮತಿ ಮಾತ್ರ ನೋಡಬೇಡಿ, ಮೇಲಿನ ಪ್ರತಿ ಫೋಲ್ಡರ್‌ನದೂ ನೋಡಿ. ನೇಮಿ ಅನ್ನುವ ಕಮಾಂಡ್ ಇಡೀ ದಾರಿಯ ಅನುಮತಿಗಳನ್ನು ಒಂದೇ ಸಲ ತೋರಿಸುತ್ತದೆ. ಉಬುಂಟುದಲ್ಲಿ 21.04ರಿಂದ ಹೋಮ್ ಫೋಲ್ಡರ್‌ಗಳ ಅನುಮತಿ 750. ಅದರೊಳಗೆ ಸೈಟ್ ಇಟ್ಟರೆ ಎಂಜಿನ್‌ಎಕ್ಸ್‌ಗೆ ಒಳಗೆ ಕಾಲಿಡಲು ಆಗುವುದಿಲ್ಲ. ಎಲ್ಲದಕ್ಕೂ 777 (ಯಾರು ಬೇಕಾದರೂ ಬರೆಯಬಹುದು) ಕೊಟ್ಟು ಕೈತೊಳೆದುಕೊಳ್ಳುವ ಸಲಹೆ ಸಿಗುತ್ತದೆ, ದಯವಿಟ್ಟು ಕೇಳಬೇಡಿ. ಫೋಲ್ಡರ್‌ಗೆ 755, ಫೈಲ್‌ಗೆ 644 ಸಾಕು.

ಮುಖಪುಟ ತೆರೆದು ಒಳಗಿನ ಪುಟಗಳೆಲ್ಲ 404 ಆದರೆ ಕಾರಣ ಎಚ್‌ಟಿಆಕ್ಸೆಸ್ ಫೈಲ್. ಹಳೆ ಕಡೆಯ ಅಪಾಚೆ ಸರ್ವರ್ ಅದನ್ನು ಓದುತ್ತಿತ್ತು, ಎಂಜಿನ್‌ಎಕ್ಸ್ ಓದುವುದಿಲ್ಲ. ವರ್ಡ್‌ಪ್ರೆಸ್‌ಗೆ ಟ್ರೈ-ಫೈಲ್ಸ್ ಸಾಲಿನಲ್ಲಿ ಕೊನೆಗೆ ಇಂಡೆಕ್ಸ್ ಪಿಎಚ್‌ಪಿಗೆ ಕಳಿಸಬೇಕು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಹಳೆ ಕಡೆ ಯಾವುದಾದರೂ ಫೋಲ್ಡರ್‌ಗೆ ಎಚ್‌ಟಿಆಕ್ಸೆಸ್ ಮೂಲಕ ಪಾಸ್‌ವರ್ಡ್ ಹಾಕಿದ್ದರೆ, ಹೊಸ ಕಡೆ ಆ ಫೋಲ್ಡರ್ ಈಗ ಎಲ್ಲರಿಗೂ ತೆರೆದಿರುತ್ತದೆ. ಇದಕ್ಕೆ ಯಾವ ಎರರ್ ಸಂದೇಶವೂ ಬರುವುದಿಲ್ಲ. ಹಳೆ ಸೈಟ್‌ನ ಪ್ರತಿ ಎಚ್‌ಟಿಆಕ್ಸೆಸ್ ಫೈಲ್ ತೆರೆದು ಓದಿ, ಒಂದೊಂದು ನಿಯಮವನ್ನೂ ಕಾನ್ಫಿಗ್‌ಗೆ ತನ್ನಿ.

502 ಅಂದರೆ ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿ ಓಡಿಸುವ ಸೇವೆ) ಓಡುತ್ತಿಲ್ಲ, ಅಥವಾ ಕಾನ್ಫಿಗ್‌ನಲ್ಲಿರುವ ಸಾಕೆಟ್ ಹೆಸರಿನಲ್ಲಿ ಹಳೆ ಆವೃತ್ತಿಯ ಸಂಖ್ಯೆ ಇದೆ. ಬರೀ ಬಿಳಿ ಪುಟ ಬಂದರೆ ಹಳೇ ಕೋಡ್ ಹೊಸ ಪಿಎಚ್‌ಪಿಯಲ್ಲಿ ಸತ್ತಿದೆ. ಹಳೆ ಗ್ಯಾಲರಿಗಳು ಬಳಸುತ್ತಿದ್ದ ಮೈಎಸ್‌ಕ್ಯೂಎಲ್-ಕನೆಕ್ಟ್ ಫಂಕ್ಷನ್ ಪಿಎಚ್‌ಪಿ 7.0ರಲ್ಲೇ ಹೋಯಿತು. ಅಂಥದ್ದನ್ನು ಮೈಎಸ್‌ಕ್ಯೂಎಲ್‌ಐಗೋ ಪಿಡಿಒಗೋ ಬದಲಾಯಿಸಬೇಕು. ಫೋಟೊ ಹಾಕುವಾಗ 413 (ಫೈಲ್ ತೀರಾ ದೊಡ್ಡದು) ಬಂದರೆ ಎಂಜಿನ್‌ಎಕ್ಸ್‌ನ ಮಿತಿ 1 ಎಂಬಿ ಇದೆ. ಅದನ್ನು ಏರಿಸಿದ ಮೇಲೂ ಆಗದಿದ್ದರೆ ಪಿಎಚ್‌ಪಿಯ ಅಪ್‌ಲೋಡ್ ಮಿತಿ 2 ಎಂಬಿ ಇದೆ. ಎರಡನ್ನೂ ಏರಿಸಿ.

ಕನ್ನಡ ಅಕ್ಷರ ಕೆಟ್ಟು ಬರುತ್ತಿದೆ

ಇದಕ್ಕೆ ಸ್ವಲ್ಪ ಸಮಯ ಕೊಡಿ. ಬೇರೆ ಬಹುತೇಕ ದೋಷಗಳಲ್ಲಿ ಸೈಟ್ ನಿಲ್ಲುತ್ತದೆ, ಅಷ್ಟೇ. ಇಲ್ಲಿ ಅವಸರಪಟ್ಟರೆ ವರ್ಷಗಟ್ಟಲೆ ಬರೆದ ಬರಹಗಳೇ ಹೋಗುತ್ತವೆ. ಮೊದಲು ಹಳೆ ಡೇಟಾಬೇಸ್‌ನ ಡಂಪ್ (ಫೈಲ್‌ಗೆ ಇಳಿಸಿದ ಪೂರ್ತಿ ನಕಲು) ಒಂದನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟು, ಅದನ್ನು ಮುಟ್ಟುವುದಿಲ್ಲ ಅಂತ ತೀರ್ಮಾನ ಮಾಡಿ.

ಕೆಟ್ಟ ಅಕ್ಷರ ಹೇಗೆ ಕಾಣುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ ಮೂರು ಬೈಟ್. ಮೊದಲ ಬೈಟ್ ಯಾವಾಗಲೂ ಇ0. ಎರಡನೆಯದು ಬಿ2 ಅಥವಾ ಬಿ3. ಉದಾಹರಣೆಗೆ 'ಕ' ಅಂದರೆ ಇ0, ಬಿ2, 95. ಈ ಬೈಟ್‌ಗಳನ್ನು ಲ್ಯಾಟಿನ್-1 (ಯುರೋಪಿನ ಭಾಷೆಗಳ ಹಳೆ ಪದ್ಧತಿ) ಅಂತ ತಪ್ಪಾಗಿ ಓದಿದರೆ, ಇ0 ಜಾಗದಲ್ಲಿ ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್‌ನ ಸಣ್ಣ 'ಎ' ಬರುತ್ತದೆ. ಬಿ2 ಜಾಗದಲ್ಲಿ ವರ್ಗದ ಗುರುತಿನ ಹಾಗೆ ಮೇಲೆ ಬರೆದ ಪುಟ್ಟ 2, ಬಿ3 ಜಾಗದಲ್ಲಿ ಪುಟ್ಟ 3. ಪುಟದ ತುಂಬಾ ಗೆರೆಯ 'ಎ', ಅದರ ಪಕ್ಕ ಪುಟ್ಟ 2 ಅಥವಾ 3 ಕಾಣುತ್ತಿದ್ದರೆ ಸಮಾಧಾನ ಮಾಡಿಕೊಳ್ಳಿ. ನಿಮ್ಮ ಕನ್ನಡ ಅದರೊಳಗೆ ಪೂರ್ತಿ ಉಳಿದಿದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತಿದ್ದರೆ ಕೈ ತಡೆದು ನಿಲ್ಲಿ, ಅದರ ಕತೆ ಬೇರೆ.

ಪರದೆಯನ್ನು ನಂಬದೆ ಡೇಟಾಬೇಸನ್ನೇ ಕೇಳಬೇಕು. ಒಂದು ಬರಹದ ಶೀರ್ಷಿಕೆ ಆರಿಸಿ, ಸೆಲೆಕ್ಟ್ ಜೊತೆ ಹೆಕ್ಸ್ ಫಂಕ್ಷನ್ ಹಾಕಿ ನೋಡಿ. ಇ0ಬಿ2 ಅಥವಾ ಇ0ಬಿ3ರಿಂದ ಶುರುವಾದರೆ ಬೈಟ್‌ಗಳು ಸರಿಯಾಗಿವೆ. ಆಗ ಟೇಬಲ್‌ನ ಮೇಲಿರುವ ಚೀಟಿ (ಒಳಗಿರುವುದು ಯಾವ ಕ್ಯಾರೆಕ್ಟರ್ ಸೆಟ್ ಅನ್ನುವ ಗುರುತು) ತಪ್ಪಿದೆ, ಅಥವಾ ಪಿಎಚ್‌ಪಿ ಸಂಪರ್ಕದ ಕ್ಯಾರೆಕ್ಟರ್ ಸೆಟ್ ತಪ್ಪಿದೆ. ಸಿ3ಎ0ಸಿ2ಬಿ2 ಅಂತ ಬಂದರೆ ಎರಡು ಸಲ ಎನ್‌ಕೋಡ್ ಆಗಿದೆ, ಹಿಂದೆ ತಿರುಗಿಸಬಹುದು. 3ಎಫ್3ಎಫ್3ಎಫ್ ಅಂತ ಬಂದರೆ ನಿಜವಾಗಿಯೂ ಪ್ರಶ್ನಾರ್ಥಕ ಚಿಹ್ನೆಗಳೇ ಒಳಗೆ ಕೂತಿವೆ. ಆ ಪ್ರತಿಯಿಂದ ಏನೂ ಹೊರಡುವುದಿಲ್ಲ. ಹಳೆ ಸರ್ವರ್‌ನಿಂದ ಮತ್ತೆ ಡಂಪ್ ತೆಗೆಯಬೇಕು. ಹಳೆಯದನ್ನು ಬೇಗ ಮುಚ್ಚಬೇಡಿ ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಇದೇ.

ಹೀಗೆ ಆಗುವುದು ಯಾಕೆ? ಮೈಎಸ್‌ಕ್ಯೂಎಲ್ 5.7ರವರೆಗೂ ಸರ್ವರ್‌ನ ಡೀಫಾಲ್ಟ್ ಲ್ಯಾಟಿನ್-1 ಆಗಿತ್ತು. ಹಳೆ ಸೈಟ್‌ಗಳಲ್ಲಿ ಲ್ಯಾಟಿನ್-1 ಅನ್ನುವ ಚೀಟಿ ಅಂಟಿಸಿದ ಟೇಬಲ್‌ನೊಳಗೆ ಯುಟಿಎಫ್-8 ಕನ್ನಡ ಸುಮ್ಮನೆ ಕೂತಿತ್ತು. ಹಾಕುವಾಗಲೂ ತೆಗೆಯುವಾಗಲೂ ಅದೇ ತಪ್ಪು ಚೀಟಿ ಇದ್ದದ್ದರಿಂದ ಪರದೆಯ ಮೇಲೆ ಎಲ್ಲ ಸರಿ ಕಾಣುತ್ತಿತ್ತು. ಹೊಸ ಕಡೆ ಸಂಪರ್ಕ ಯುಟಿಎಫ್8ಎಂಬಿ4. ಡೇಟಾಬೇಸ್ ಚೀಟಿಯನ್ನು ನಂಬಿ ಲ್ಯಾಟಿನ್-1ರಿಂದ ಅನುವಾದ ಮಾಡಿ ಕೊಡುತ್ತದೆ. ಆಗ ಬರುವುದೇ ಆ ಗೆರೆಯ 'ಎ'ಗಳು.

ಪರಿಹಾರ ಹೀಗೆ. ಹಳೆ ಡೇಟಾಬೇಸ್‌ನಿಂದ ಮೈಎಸ್‌ಕ್ಯೂಎಲ್-ಡಂಪ್ ತೆಗೆಯುವಾಗ ಡೀಫಾಲ್ಟ್ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್-1 ಅಂತ ಕೊಡಿ, ಸ್ಕಿಪ್-ಸೆಟ್-ಚಾರ್‌ಸೆಟ್ ಆಯ್ಕೆಯನ್ನೂ ಸೇರಿಸಿ. ಆಗ ಬೈಟ್‌ಗಳು ಬದಲಾಗದೆ ಹಾಗೇ ಫೈಲ್‌ಗೆ ಇಳಿಯುತ್ತವೆ. ಆ ಫೈಲ್ ಅನ್ನು ಯುಟಿಎಫ್-8 ಅಂತ ತೆರೆದರೆ ಕನ್ನಡ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಮುಂದೆ ಹೋಗಬೇಡಿ. ಕಂಡರೆ, ಟೇಬಲ್ ರಚಿಸುವ ಸಾಲುಗಳಲ್ಲಿ ಲ್ಯಾಟಿನ್-1 ಇರುವ ಕಡೆಯೆಲ್ಲ ಯುಟಿಎಫ್8ಎಂಬಿ4 ಮಾಡಿ. ಕೊಲೇಶನ್ (ಅಕ್ಷರಗಳನ್ನು ಹೋಲಿಸುವ ಕ್ರಮ) ಹೆಸರುಗಳನ್ನೂ ಅದಕ್ಕೆ ತಕ್ಕ ಹಾಗೆ ಬದಲಾಯಿಸಿ. ಆಮೇಲೆ ಯುಟಿಎಫ್8ಎಂಬಿ4 ಸಂಪರ್ಕದಲ್ಲಿ ಹೊಸ ಕಡೆಗೆ ಹಾಕಿ. ಎರಡು ಸಲ ಎನ್‌ಕೋಡ್ ಆದ ಟೇಬಲ್‌ಗೂ ಇದೇ ಡಂಪ್ ನಡೆಯುತ್ತದೆ. ಆದರೆ ಒಂದೇ ಟೇಬಲ್‌ನಲ್ಲಿ ಕೆಲವು ಸಾಲು ಸರಿ, ಕೆಲವು ಕೆಟ್ಟಿದ್ದರೆ, ಈ ವಿಧಾನದಲ್ಲಿ ಸರಿ ಇದ್ದ ಸಾಲುಗಳು ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತವೆ. ಅದಕ್ಕೆ ಟೇಬಲ್ ಟೇಬಲ್ ಆಗಿ ಹೋಗಿ. ಹಳೆ ಬರಹ ಒಂದು, ಹೊಸ ಬರಹ ಒಂದು, ಓದುಗರ ಪ್ರತಿಕ್ರಿಯೆ ಒಂದು, ಮೂರನ್ನೂ ಹೆಕ್ಸ್‌ನಲ್ಲಿ ನೋಡಿ.

ಯುಟಿಎಫ್8 ಸಾಲದೇ, ಎಂಬಿ4 ಯಾಕೆ ಅಂತ ಕೇಳಬಹುದು. ಮೈಎಸ್‌ಕ್ಯೂಎಲ್‌ನ ಹಳೆ ಯುಟಿಎಫ್8ಗೆ ಮೂರು ಬೈಟ್ ಮಿತಿ. ಕನ್ನಡಕ್ಕೆ ಅಷ್ಟು ಸಾಕು. ಆದರೆ ಯಾರೋ ಬರಹದ ಕೊನೆಗೆ ಒಂದು ಇಮೋಜಿ ಹಾಕಿದರೆ ಅದಕ್ಕೆ ನಾಲ್ಕು ಬೈಟ್ ಬೇಕು. ಆಗ ಎರರ್ 1366 ಬರುತ್ತದೆ, ಅಥವಾ ಅಲ್ಲಿಂದ ಮುಂದಿನ ಬರಹ ಕತ್ತರಿಸಿ ಹೋಗುತ್ತದೆ.

ಆಮದು ಮಾಡುವಾಗ ಎರರ್ 1273, ಕೊಲೇಶನ್ ಗೊತ್ತಿಲ್ಲ ಅಂತ ಬಂದರೆ ಗಾಬರಿ ಬೇಡ. ಡಂಪ್ ಮೈಎಸ್‌ಕ್ಯೂಎಲ್ 8ರದ್ದು, ಹೆಸರಿನ ನಡುವೆ 0900 ಇರುವ ಅದರ ಕೊಲೇಶನ್ ಮರಿಯಾಡಿಬಿ 10.11ಕ್ಕೆ ಗೊತ್ತಿಲ್ಲ. ಡಂಪ್‌ನಲ್ಲಿ ಆ ಹೆಸರನ್ನು ಯುನಿಕೋಡ್-ಸಿಐ ಇರುವ ಹೆಸರಿಗೆ ಬದಲಾಯಿಸಿದರೆ ಆಯಿತು.

ಇನ್ನೊಂದು ಥರದ ಕೆಟ್ಟ ಅಕ್ಷರ ಇದೆ, ಅದು ಡೇಟಾಬೇಸ್ ಇಲ್ಲದ ಊರಿನ ಸೈಟ್‌ನಲ್ಲಿ ಬರುವಂಥದ್ದು. ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಸೇರಿದ ಅರ್ಥವಿಲ್ಲದ ಸಾಲುಗಳು, ಆದರೆ ಆ ಗೆರೆಯ 'ಎ' ಮತ್ತೆ ಮತ್ತೆ ಬರುವ ಮಾದರಿ ಇಲ್ಲ. ಯುನಿಕೋಡ್ ಕನ್ನಡ ಬಳಕೆಗೆ ಬರುವ ಮುಂಚೆ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪುಟ ಅದು. ಫಾಂಟ್ ಇದ್ದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಹೊಸ ಕಡೆಗೆ ಫಾಂಟ್ ಫೈಲ್ ಬಂದಿಲ್ಲ, ಅಥವಾ ಬೇರೆ ಸಬ್‌ಡೊಮೇನ್‌ನಲ್ಲಿ ಇಟ್ಟಿದ್ದೀರಿ. ಬೇರೆ ಹೆಸರಿನಿಂದ ಬರುವ ಫಾಂಟ್‌ಗೆ ಅನುಮತಿ ಕೊಡುವ ಕಾರ್ಸ್ ಹೆಡರ್ ಬೇಕು, ಇಲ್ಲದಿದ್ದರೆ ಬ್ರೌಸರ್ ಅದನ್ನು ಬಳಸುವುದಿಲ್ಲ. ಸದ್ಯಕ್ಕೆ ಫಾಂಟ್ ಸರಿಮಾಡಿ. ಆದರೆ ಬಿಡುವಾದಾಗ ಆ ಪುಟಗಳನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡ್‌ಗೆ ತನ್ನಿ. ಈಗಿನ ರೂಪದಲ್ಲಿ ಆ ಪುಟಗಳು ಹುಡುಕಿದರೆ ಸಿಗುವುದಿಲ್ಲ, ಫೋನ್ ಗಟ್ಟಿಯಾಗಿ ಓದಿ ಹೇಳುವುದಕ್ಕೂ ಆಗುವುದಿಲ್ಲ.

ಕೆಲವು ಚಿತ್ರಗಳು ಮಾತ್ರ ಬರುತ್ತಿಲ್ಲ

ಎಲ್ಲವೂ ಬರದಿದ್ದರೆ ದಾರಿ ತಪ್ಪಿದೆ. ಕೆಲವು ಮಾತ್ರ ಬರದಿದ್ದರೆ ಹೆಸರು ತಪ್ಪಿದೆ. ವಿಂಡೋಸ್ ಸರ್ವರ್‌ನಿಂದ ಬಂದಿದ್ದರೆ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ. ಅಲ್ಲಿ ದೊಡ್ಡಕ್ಷರದ ಜೆಪಿಜಿ, ಸಣ್ಣಕ್ಷರದ ಜೆಪಿಜಿ ಎರಡೂ ಒಂದೇ, ಲಿನಕ್ಸ್‌ನಲ್ಲಿ ಬೇರೆ ಬೇರೆ.

ಫೈಲ್‌ಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಇನ್ನೊಂದು ಕಾರಣ ಇರಬಹುದು. 'ಹೋಳಿಗೆ' ಅನ್ನುವ ಹೆಸರನ್ನೇ ತೆಗೆದುಕೊಳ್ಳಿ. ಅದರಲ್ಲಿನ ಓಕಾರದ ಚಿಹ್ನೆಗೆ ಯುನಿಕೋಡ್‌ನಲ್ಲಿ ಒಂದೇ ಸಂಕೇತ ಇದೆ: ಇ0, ಬಿ3, 8ಬಿ. ಅದನ್ನೇ ಎಕಾರ, ಊಕಾರ, ದೀರ್ಘದ ಗುರುತು ಅಂತ ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಆಗ 3ರ ಬದಲು 9 ಬೈಟ್. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಲಿನಕ್ಸ್‌ಗೆ ಮಾತ್ರ ಎರಡು ಬೇರೆ ಹೆಸರುಗಳು. ಹಳೆ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ನಿಮ್ಮ ಬ್ಯಾಕಪ್ ಅಂಥ ಡಿಸ್ಕ್ ಮೂಲಕ ಬಂದಿದ್ದರೆ, ಪುಟದಲ್ಲಿರುವ ಕೂಡಿಸಿದ ಹೆಸರು ಡಿಸ್ಕ್‌ನಲ್ಲಿ ಸಿಗುವುದಿಲ್ಲ, 404 ಬರುತ್ತದೆ. ಈಕಾರ, ಏಕಾರ, ಐಕಾರ, ಒಕಾರ, ಓಕಾರ ಇರುವ ಹೆಸರುಗಳು ಮಾತ್ರ ಕೈಕೊಟ್ಟು, 'ಅಕ್ಕಿ', 'ಬೆಲ್ಲ' ಥರದವು ಸರಿ ಬರುತ್ತಿದ್ದರೆ ಅನುಮಾನವೇ ಬೇಡ. ಕಾನ್ವ್‌ಎಂವಿ ಅನ್ನುವ ಟೂಲ್‌ಗೆ ಎನ್‌ಎಫ್‌ಸಿ (ಕೂಡಿಸಿದ ರೂಪ) ಆಯ್ಕೆ ಕೊಟ್ಟು ಓಡಿಸಿ. ಅದು ಮೊದಲು ಏನು ಬದಲಾಗುತ್ತದೆ ಅಂತ ತೋರಿಸುತ್ತದೆ ಮಾತ್ರ. ನೋ-ಟೆಸ್ಟ್ ಅಂತ ಹೇಳಿದ ಮೇಲೆಯೇ ನಿಜವಾಗಿ ಹೆಸರು ಬದಲಾಯಿಸುತ್ತದೆ.

ಪುಟ ಸುತ್ತುತ್ತಲೇ ಇದೆ, ಅಥವಾ ಹಳೆ ವಿಳಾಸಕ್ಕೆ ಓಡುತ್ತಿದೆ

ಬ್ರೌಸರ್ 'ತುಂಬಾ ಸಲ ರಿಡೈರೆಕ್ಟ್ ಆಗಿದೆ' ಅಂತ ದೂರಿದರೆ, ನೀವು ಟನೆಲ್ ಅಥವಾ ಪ್ರಾಕ್ಸಿ (ನಡುವೆ ನಿಂತು ವಿನಂತಿ ದಾಟಿಸುವ ಸರ್ವರ್) ಬಳಸುತ್ತಿದ್ದೀರಾ ನೋಡಿ. ಹೊರಗೆ ಎಚ್‌ಟಿಟಿಪಿಎಸ್, ಒಳಗೆ ಬರೀ ಎಚ್‌ಟಿಟಿಪಿ. ವರ್ಡ್‌ಪ್ರೆಸ್ ತಾನು ಎಚ್‌ಟಿಟಿಪಿಯಲ್ಲಿದ್ದೇನೆ ಅಂದುಕೊಂಡು ಎಚ್‌ಟಿಟಿಪಿಎಸ್‌ಗೆ ಹೋಗು ಅನ್ನುತ್ತದೆ, ಬಂದವರು ಮತ್ತೆ ಅಲ್ಲಿಗೇ ಬರುತ್ತಾರೆ. ಪ್ರಾಕ್ಸಿ ಕಳಿಸುವ ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಹೆಡರ್ ನೋಡಿ ಎಚ್‌ಟಿಟಿಪಿಎಸ್ ಆನ್ ಅಂತ ಪಿಎಚ್‌ಪಿಗೆ ತಿಳಿಸಿದರೆ ನಿಲ್ಲುತ್ತದೆ.

ಸಾಗಿಸುವ ಜೊತೆಗೆ ಡೊಮೇನ್ ಹೆಸರನ್ನೂ ಬದಲಾಯಿಸಿದ್ದರೆ, ಡಂಪ್ ಫೈಲ್‌ನಲ್ಲಿ ನೇರವಾಗಿ ಹುಡುಕಿ ಬದಲಾಯಿಸಬೇಡಿ. ವರ್ಡ್‌ಪ್ರೆಸ್ ಎಷ್ಟೋ ಸೆಟ್ಟಿಂಗ್‌ಗಳನ್ನು ಪಠ್ಯದ ಜೊತೆ ಅದರ ಉದ್ದವನ್ನೂ ಬರೆದು ಇಡುತ್ತದೆ. ಪಠ್ಯ ಬದಲಾಗಿ ಉದ್ದ ಹಾಗೇ ಉಳಿದರೆ ಆ ಸೆಟ್ಟಿಂಗ್ ಓದಲು ಬರುವುದಿಲ್ಲ. ವಿಜೆಟ್‌ಗಳು, ಥೀಮ್‌ನ ಆಯ್ಕೆಗಳು ಮಾಯವಾಗುವುದು ಹೀಗೆ. ಡಬ್ಲ್ಯೂಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಉದ್ದವನ್ನೂ ಸರಿಮಾಡುತ್ತದೆ. ನನ್ನ ಸಲಹೆ ಕೇಳುವುದಾದರೆ, ಸರ್ವರ್ ಮತ್ತು ಡೊಮೇನ್ ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ. ಒಂದು ನೆಲೆ ನಿಂತ ಮೇಲೆ ಇನ್ನೊಂದು.

ಕರೆಂಟ್ ಹೋಗಿ ಬಂದ ಮೇಲೆ ಸೈಟ್ ಇಲ್ಲ

ಬಾಡಿಗೆ ಹೋಸ್ಟಿಂಗ್‌ನಲ್ಲಿ ಇಲ್ಲದ, ಮನೆ ಸರ್ವರ್‌ಗೆ ಮಾತ್ರ ಇರುವ ತೊಂದರೆ. ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗುವ ಆಯ್ಕೆ ಹಾಕಿದ್ದೀರಾ? ಸೇವೆಗಳನ್ನು ಬರೀ ಸ್ಟಾರ್ಟ್ ಮಾಡಿದ್ದೀರಾ, ಎನೇಬಲ್ ಕೂಡ ಮಾಡಿದ್ದೀರಾ? ಸ್ಟಾರ್ಟ್ ಮಾಡಿದ್ದು ರೀಬೂಟ್ ಆದರೆ ಹೋಯಿತು. ರೂಟರ್ ಸರ್ವರ್‌ಗೆ ಬೇರೆ ಒಳ ಐಪಿ ಕೊಟ್ಟು, ಪೋರ್ಟ್ ಫಾರ್ವರ್ಡ್ ಹಳೆ ಐಪಿಯ ಕಡೆ ನೋಡುತ್ತಿರಬಹುದು. ರೂಟರ್‌ನ ಡಿಎಚ್‌ಸಿಪಿಯಲ್ಲಿ (ಒಳ ಐಪಿ ಹಂಚುವ ಸೆಟ್ಟಿಂಗ್) ಆ ಯಂತ್ರಕ್ಕೆ ಐಪಿ ಕಾದಿರಿಸಿ. ಹೊರಗಿನ ಐಪಿಯೂ ಬದಲಾಗಿರಬಹುದು. ಸ್ಟಾಟಿಕ್ ಅಲ್ಲದಿದ್ದರೆ, ಐಪಿ ಬದಲಾದಾಗ ರೆಕಾರ್ಡನ್ನು ತಾನಾಗಿ ತಿದ್ದುವ ಡೈನಮಿಕ್ ಡಿಎನ್‌ಎಸ್ ಬೇಕೇ ಬೇಕು.

ರಾಸ್ಪ್‌ಬೆರಿ ಪೈ ಬಳಸುವವರು ಗಡಿಯಾರ ನೋಡಿ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಪೈ 5ರಲ್ಲಿ ಗಡಿಯಾರ ಇದೆ, ಬ್ಯಾಟರಿಯನ್ನು ಬೇರೆ ಜೋಡಿಸಬೇಕು. ಕರೆಂಟ್ ಬಂದಾಗ ರೂಟರ್ ಇನ್ನೂ ಎದ್ದಿರದಿದ್ದರೆ ಪೈಗೆ ಸಮಯ ಸಿಗುವುದಿಲ್ಲ, ದಿನಾಂಕ ಹಿಂದೆ ಉಳಿಯುತ್ತದೆ. ಆಗ ಸರ್ವರ್ ಹೊರಗೆ ಮಾಡುವ ಎಚ್‌ಟಿಟಿಪಿಎಸ್ ಸಂಪರ್ಕಗಳು ಸೋಲುತ್ತವೆ, ಟನೆಲ್ ಏಳುವುದಿಲ್ಲ. ರೂಟರ್‌ಗೆ ಒಂದು 12 ವೋಲ್ಟ್‌ನ ಪುಟ್ಟ ಯುಪಿಎಸ್ ಹಾಕಿದರೆ ಈ ತೊಂದರೆಗಳಲ್ಲಿ ಬಹುಪಾಲು ಬರುವುದೇ ಇಲ್ಲ.

ಡಿಎನ್‌ಎಸ್ ಬದಲಾಯಿಸುವ ಮೊದಲೇ ಎಲ್ಲವನ್ನೂ ಕ್ರಮವಾಗಿ ಆಫ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಮತ್ತೆ ಹಾಕಿ. ಯಾವುದನ್ನೂ ಮುಟ್ಟದೆ ಮೂರೂ ಸೈಟ್ ತಾವಾಗಿ ಎದ್ದು ಬರಬೇಕು.

ಹಳೆಯದನ್ನು ಮುಚ್ಚುವ ಮುಂಚೆ

ಹಳೆ ಸರ್ವರ್‌ನ ಆಕ್ಸೆಸ್ ಲಾಗ್ ತೆರೆಯಿರಿ. ಬಾಟ್‌ಗಳನ್ನು ಬಿಟ್ಟು ಇನ್ನೂ ಯಾರಾದರೂ ಬರುತ್ತಿದ್ದರೆ, ಎಲ್ಲೋ ಒಂದು ರೆಕಾರ್ಡ್ ಆ ಕಡೆ ನೋಡುತ್ತಿದೆ ಅಂತ ಅರ್ಥ. ಆಮೇಲೆ ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡ್ ನೋಡಿ. ಡೊಮೇನ್‌ನ ಮೇಲ್ ಅದೇ ಹೋಸ್ಟಿಂಗ್‌ನಲ್ಲಿ ಇದ್ದರೆ, ಹೋಸ್ಟಿಂಗ್ ಮುಚ್ಚಿದ ದಿನ ಮೇಲ್ ಕೂಡ ನಿಲ್ಲುತ್ತದೆ, ಪೆಟ್ಟಿಗೆಯಲ್ಲಿದ್ದ ಹಳೆ ಪತ್ರಗಳೂ ಹೋಗುತ್ತವೆ. ನೇಮ್‌ಸರ್ವರ್ ಬದಲಾಯಿಸಿದವರು ಎಂಎಕ್ಸ್ ಜೊತೆಗೆ, ಮೇಲ್ ಅಸಲಿ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ ರೆಕಾರ್ಡ್‌ಗಳನ್ನೂ ಹೊಸ ಕಡೆಗೆ ನಕಲು ಮಾಡಿದ್ದಾರಾ ಅಂತ ಒಂದೊಂದಾಗಿ ಹೋಲಿಸಿ ನೋಡಬೇಕು. ಮನೆಯಿಂದಲೇ ಮೇಲ್ ಸರ್ವರ್ ನಡೆಸುವ ಯೋಚನೆ ಬೇಡ. ಮೇಲ್ ಹೋಗುವ 25ನೇ ಪೋರ್ಟ್ ಬಹಳಷ್ಟು ಮನೆ ಸಂಪರ್ಕಗಳಲ್ಲಿ ಮುಚ್ಚಿರುತ್ತದೆ, ತೆರೆದಿದ್ದರೂ ಮನೆ ಐಪಿಯಿಂದ ಹೋದ ಪತ್ರ ಸ್ಪ್ಯಾಮ್‌ಗೆ ಬೀಳುತ್ತದೆ. ವರ್ಡ್‌ಪ್ರೆಸ್‌ನ ಪಾಸ್‌ವರ್ಡ್ ಮರೆತ ಮೇಲ್‌ಗಳಿಗೆ ಬೇರೊಂದು ಎಸ್‌ಎಂಟಿಪಿ (ಮೇಲ್ ಕಳಿಸುವ) ಸೇವೆ ಜೋಡಿಸಿ, ನಿಮಗೇ ಒಂದು ಕಳಿಸಿ ನೋಡಿ.

ಇಷ್ಟಾದ ಮೇಲೆ ಹಳೆ ಹೋಸ್ಟಿಂಗ್‌ನ ಫೈಲ್‌ಗಳು, ಡಂಪ್, ಡಿಎನ್‌ಎಸ್ ರೆಕಾರ್ಡ್‌ಗಳ ಪಟ್ಟಿ, ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ) ಕೆಲಸಗಳ ಪಟ್ಟಿ, ಇವಿಷ್ಟನ್ನು ಸರ್ವರ್ ಅಲ್ಲದ ಬೇರೆ ಡಿಸ್ಕ್‌ಗೆ ಇಳಿಸಿ. ಆ ಡಂಪ್ ಅನ್ನು ಒಂದು ಖಾಲಿ ಡೇಟಾಬೇಸ್‌ಗೆ ಹಾಕಿ, ಕನ್ನಡ ಓದಲು ಬರುತ್ತದೆಯೇ ನೋಡಿ. ಬಂದರೆ ಹೋಸ್ಟಿಂಗ್ ನವೀಕರಣ ನಿಲ್ಲಿಸಬಹುದು.